ನಿಮಗಿದು ಗೊತ್ತೆ? ವಿಧಾನಸೌಧದ ಬಾಗಿಲಿಗೇ ಮೆಟ್ರೊ!

ಬೆಂಗಳೂರಿಗೆ ಬಂದವರು ವಿಧಾನಸೌಧ ನೋಡಲು ಆಟೊ ಹಿಡಿದು, ಸಿಗ್ನಲ್‌ಗಳಲ್ಲಿ ಕಾದು ಕೂರಬೇಕಿಲ್ಲ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ವೈಟ್‌ಫೀಲ್ಡ್ ಕಡೆಗಿನ ರೈಲು ಹತ್ತಿದರೆ ಎರಡನೇ ನಿಲ್ದಾಣವೇ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ. ಹಸಿರು ಮಾರ್ಗದಲ್ಲಿ ಬರುವವರು ಮೆಜೆಸ್ಟಿಕ್‌ನಲ್ಲೇ ರೈಲು ಬದಲಿಸಬೇಕು.

* ಈ ನಿಲ್ದಾಣ ಇರುವುದು ನೆಲದಡಿಯಲ್ಲಿ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಈ ಸುರಂಗ ಮಾರ್ಗ ದಕ್ಷಿಣ ಭಾರತದ ಮೊದಲ ಮೆಟ್ರೊ ಸುರಂಗ.

* ಮೆಟ್ಟಿಲೇರಿ ಹೊರಬಂದರೆ ಅಂಬೇಡ್ಕರ್ ವೀಧಿ. ರಸ್ತೆಯ ಒಂದು ಬದಿಗೆ ಬೂದುಬಣ್ಣದ ಗ್ರಾನೈಟ್ ಕಲ್ಲಿನ ವಿಧಾನಸೌಧ. ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಇಂದಿನ ಹೈಕೋರ್ಟ್. ಇದು 1868ರಲ್ಲಿ ಪೂರ್ಣಗೊಂಡ ಕಟ್ಟಡ.

* ವಿಧಾನಸೌಧಕ್ಕೆ 1951ರ ಜುಲೈ 13ರಂದು ಶಂಕುಸ್ಥಾಪನೆ ಮಾಡಿದವರು ಜವಾಹರಲಾಲ್ ನೆಹರೂ. ಅದಕ್ಕೆ ಇಂದಿನ ಭವ್ಯ ರೂಪ ಕೊಡಿಸಿದವರು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. 1956ರಲ್ಲಿ ಕೆಲಸ ಮುಗಿಯಿತು.

* ತಲೆಯೆತ್ತಿ ನೋಡಿ: ಮುಂಭಾಗದ ವಿಶಾಲ ಮೆಟ್ಟಿಲುಗಳ ಮೇಲೆ ಸಾಲುಗಂಬಗಳು, ನಡುಗೋಪುರದ ತುದಿಯಲ್ಲಿ ಸಿಂಹಲಾಂಛನ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನೂ ಓದಿಕೊಳ್ಳಿ.

* ನಡೆಯುವ ಉತ್ಸಾಹವಿದ್ದರೆ ಒಂದು ನಿಲ್ದಾಣ ಮುಂದೆ, ಕಬ್ಬನ್ ಪಾರ್ಕ್‌ನಲ್ಲಿ ಇಳಿಯಿರಿ. ಉದ್ಯಾನದ ಮರಗಳ ನೆರಳಿನಲ್ಲೇ ಹೈಕೋರ್ಟ್ ಹಿಂಭಾಗದವರೆಗೆ ಬರಬಹುದು.

ಮುಂದಿನ ಬಾರಿ ಮಕ್ಕಳನ್ನು ಕರೆದುಕೊಂಡು ಮೆಟ್ರೊದಲ್ಲೇ ಹೋಗಿ ಬನ್ನಿ. ಪಾರ್ಕಿಂಗ್‌ಗೆ ಜಾಗ ಹುಡುಕುವ ಚಿಂತೆಯೂ ಇರುವುದಿಲ್ಲ.