ಸರದಿ ಬದಲಿಸಿದರೆ ಆರು ಗಂಟೆ ಉಳಿತಾಯ!

ಮದುವೆ ಮನೆಯ ಅಡುಗೆ ಭಟ್ಟರು ಬೆಳಗಿನ ಜಾವ ಮೊದಲು ಮಾಡುವ ಕೆಲಸ ಬೇಳೆ ಬೇಯಲು ಇಡುವುದು. ತರಕಾರಿ ಹೆಚ್ಚುವುದು ಆಮೇಲೆ. ಮೊದಲು ತರಕಾರಿಯನ್ನೆಲ್ಲ ಹೆಚ್ಚಿ ಮುಗಿಸಿ ಬಳಿಕ ಬೇಳೆ ಇಟ್ಟರೂ ಹುಳಿ ಆಗಿಯೇ ಆಗುತ್ತದೆ. ಆದರೆ ಎಲೆ ಹಾಕುವ ಹೊತ್ತು ಮೀರುತ್ತದೆ. ಕೆಲಸಗಾರರೂ ಅವರೇ, ಒಲೆಯೂ ಅದೇ. ಬದಲಾದದ್ದು ಸರದಿ ಮಾತ್ರ.

ಕಾರ್ಖಾನೆಗಳಲ್ಲಿಯೂ ಪ್ರತಿದಿನ ಎದುರಾಗುವ ಪ್ರಶ್ನೆ ಇದೇ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ಯಂತ್ರದಲ್ಲಿ? ಈ ನಿರ್ಧಾರಗಳ ಪಟ್ಟಿಯೇ ಉತ್ಪಾದನಾ ವೇಳಾಪಟ್ಟಿ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದು ದೊಡ್ಡ ಕಾರ್ಖಾನೆಗೆ ಬಿಡಿಭಾಗ ಒದಗಿಸುತ್ತಿದೆ ಎಂದುಕೊಳ್ಳಿ. ಒಪ್ಪಿದ ದಿನಕ್ಕೆ ಮಾಲು ಹೋಗದಿದ್ದರೆ ಮುಂದಿನ ಆರ್ಡರ್ ಕೈತಪ್ಪಬಹುದು. ಅದನ್ನು ತಪ್ಪಿಸಲು ಕಾರ್ಮಿಕರು ರಾತ್ರಿಯೂ ದುಡಿಯಬೇಕು; ಇಲ್ಲವೇ ಮಾಲೀಕರು ಸಾಲ ಮಾಡಿ ಇನ್ನೊಂದು ಯಂತ್ರ ಕೊಳ್ಳಬೇಕು. ಆದರೆ ಕೊರತೆ ಯಂತ್ರದ್ದೋ, ಸರದಿಯದ್ದೋ? ಇದನ್ನು ಮೊದಲು ನೋಡಬೇಕು.

ನಾಲ್ಕು ಕೆಲಸ, ಎರಡು ಯಂತ್ರ

ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ತೆಗೆದುಕೊಳ್ಳಲಿ. ಒಂದು ಲೇತ್, ಒಂದು ಗ್ರೈಂಡಿಂಗ್ ಯಂತ್ರ ಇವೆ. ಪ್ರತಿ ಕೆಲಸವೂ ಲೇತ್‌ನಲ್ಲಿ ಮುಗಿದ ಮೇಲೆಯೇ ಗ್ರೈಂಡಿಂಗ್‌ಗೆ ಹೋಗಬೇಕು. ಒಂದು ಯಂತ್ರದಲ್ಲಿ ಒಂದು ಸಲಕ್ಕೆ ಒಂದೇ ಕೆಲಸ. ಬೇಕಾಗುವ ಸಮಯ ಹೀಗಿದೆ:

ಕ: ಲೇತ್ 5 ಗಂಟೆ, ಗ್ರೈಂಡಿಂಗ್ 2 ಗಂಟೆ
ಖ: ಲೇತ್ 1 ಗಂಟೆ, ಗ್ರೈಂಡಿಂಗ್ 6 ಗಂಟೆ
ಗ: ಲೇತ್ 9 ಗಂಟೆ, ಗ್ರೈಂಡಿಂಗ್ 7 ಗಂಟೆ
ಘ: ಲೇತ್ 3 ಗಂಟೆ, ಗ್ರೈಂಡಿಂಗ್ 8 ಗಂಟೆ

ಬಂದ ಸರದಿಯಂತೆ ಕ, ಖ, ಗ, ಘ ಎಂದು ಮಾಡಿದರೆ ಎಲ್ಲ ಮುಗಿಯಲು 30 ಗಂಟೆ ಬೇಕು. ಮೊದಲ 5 ಗಂಟೆ ಗ್ರೈಂಡಿಂಗ್ ಯಂತ್ರಕ್ಕೆ ಕೆಲಸವೇ ಇಲ್ಲ. ಆಮೇಲೆ 'ಗ' ಬರುವವರೆಗೆ ಅದು ಮತ್ತೆ 2 ಗಂಟೆ ಕಾಯುತ್ತದೆ. ಈಗ ಸರದಿಯನ್ನು ಖ, ಘ, ಗ, ಕ ಎಂದು ಬದಲಿಸಿ. ಲೆಕ್ಕ ಹಾಕಿ ನೋಡಿದರೆ 24 ಗಂಟೆಗೆ ಎಲ್ಲವೂ ಮುಗಿಯುತ್ತದೆ! ಇದಕ್ಕಿಂತ ಕಡಿಮೆ ಸಾಧ್ಯವೇ? ಇಲ್ಲ. ಗ್ರೈಂಡಿಂಗ್ ಕೆಲಸ ಒಟ್ಟು 23 ಗಂಟೆ. ಮೊದಲ ಮಾಲು ಲೇತ್‌ನಿಂದ ಬರಲು ಕನಿಷ್ಠ 1 ಗಂಟೆ. ಒಂದು ರೂಪಾಯಿಯನ್ನೂ ಖರ್ಚು ಮಾಡದೆ 6 ಗಂಟೆ ಉಳಿಯಿತು.

ಈ ಸರದಿಯನ್ನು ಕಂಡುಹಿಡಿಯುವ ಸೂತ್ರವನ್ನು ಅಮೆರಿಕದ ಗಣಿತಜ್ಞ ಎಸ್. ಎಂ. ಜಾನ್ಸನ್ 1954ರಲ್ಲಿ ಪ್ರಕಟಿಸಿದರು. ಮೇಲಿನ ಎಂಟು ಅಂಕಿಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ. ಅದು ಮೊದಲ ಯಂತ್ರದ್ದಾದರೆ ಆ ಕೆಲಸವನ್ನು ಸರದಿಯ ಆರಂಭಕ್ಕೆ, ಎರಡನೆಯ ಯಂತ್ರದ್ದಾದರೆ ಕೊನೆಗೆ ಇಡಿ. ಉಳಿದ ಕೆಲಸಗಳಿಗೂ ಹೀಗೆಯೇ ಮಾಡುತ್ತಾ ಹೋಗಿ. ಹೈಸ್ಕೂಲು ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕ ಇದು.

ನಡುವೆ ಬರುವ ಅವಸರ

ಆದರೆ ಕಾರ್ಖಾನೆ ಎಂದರೆ ಕಾಗದದ ಲೆಕ್ಕವಲ್ಲ. ನಾಲ್ಕನೆಯ ಗಂಟೆಗೆ 'ಖ' ಮತ್ತು 'ಘ' ಲೇತ್‌ನಿಂದ ಇಳಿದಿವೆ. ಅಷ್ಟರಲ್ಲಿ 'ಕ' ಆರ್ಡರ್ ಕೊಟ್ಟವರು ಫೋನು ಮಾಡಿ, ತಮ್ಮ ಮಾಲು ಬೇಗ ಬೇಕು ಎನ್ನುತ್ತಾರೆ. ಮೊದಲಿನ ಪಟ್ಟಿಯಂತೆ ಅದು ಸಿಗುವುದು 24ನೆಯ ಗಂಟೆಗೆ. ಈಗ 'ಗ'ಕ್ಕಿಂತ ಮೊದಲು 'ಕ'ವನ್ನು ಲೇತ್‌ಗೆ ಏರಿಸಿದರೆ ಅದು 17ನೆಯ ಗಂಟೆಗೇ ಸಿದ್ಧ. ಒಟ್ಟು ಕೆಲಸ ಮುಗಿಯುವುದು 25ನೆಯ ಗಂಟೆಗೆ. ಒಬ್ಬರಿಗೆ ಏಳು ಗಂಟೆಯ ಲಾಭ, ಒಟ್ಟಾರೆ ನಷ್ಟ ಒಂದೇ ಗಂಟೆ. ಪರಿಸ್ಥಿತಿಗೆ ತಕ್ಕಂತೆ ಹೀಗೆ ಬಾಗಬಲ್ಲ ವೇಳಾಪಟ್ಟಿಯೇ ಇಂದಿನ ಕಾರ್ಖಾನೆಗೆ ಬೇಕಾಗಿರುವುದು.

ಗಣಕಯಂತ್ರ ಏಕೆ ಬೇಕು?

ನಾಲ್ಕು ಕೆಲಸಗಳನ್ನು 24 ಬಗೆಯ ಸರದಿಯಲ್ಲಿ ಜೋಡಿಸಬಹುದು. ಹತ್ತು ಕೆಲಸಗಳಾದರೆ 36,28,800 ಬಗೆ! ಯಂತ್ರಗಳು ಮೂರಕ್ಕೆ ಏರಿದರೆ ಜಾನ್ಸನ್ ಸೂತ್ರ ಕೆಲವು ವಿಶೇಷ ಸಂದರ್ಭಗಳಿಗೆ ಮಾತ್ರ ಒಗ್ಗುತ್ತದೆ. 1963ರಲ್ಲಿ ಹತ್ತು ಕೆಲಸ, ಹತ್ತು ಯಂತ್ರಗಳ ಒಂದು ಸಮಸ್ಯೆ ಪ್ರಕಟವಾಯಿತು. ಅದರ ಅತ್ಯುತ್ತಮ ಉತ್ತರ 930 ಕಾಲಮಾನ ಎಂದು ಫ್ರಾನ್ಸಿನ ಕಾರ್ಲಿಯೆ ಮತ್ತು ಪಿನ್ಸೋ ಸಾಧಿಸಿ ತೋರಿಸಿದ್ದು 1989ರಲ್ಲಿ. ಇಪ್ಪತ್ತಾರು ವರ್ಷ ಹಿಡಿದ ಲೆಕ್ಕ ಅದು!

ಫೋರ್‌ಮನ್‌ಗೆ ಅಷ್ಟು ಕಾಯಲು ಪುರುಸೊತ್ತಿಲ್ಲ. ಆದ್ದರಿಂದ ವೇಳಾಪಟ್ಟಿಯ ತಂತ್ರಾಂಶಗಳು ಸಾಮಾನ್ಯವಾಗಿ 'ಅತ್ಯುತ್ತಮ'ಕ್ಕೆ ಹಟ ಹಿಡಿಯುವುದಿಲ್ಲ. ಅಲ್ಪ ಸಮಯದಲ್ಲಿ 'ಸಾಕಷ್ಟು ಉತ್ತಮ'ವಾದುದನ್ನು ಹುಡುಕಿಕೊಡುತ್ತವೆ. ಕೆಲಸ ಆರಂಭವಾದಾಗ ಮತ್ತು ಮುಗಿದಾಗ ಆಪರೇಟರ್ ಬಾರ್‌ಕೋಡ್ ತೋರಿಸುತ್ತಾನೆ, ಇಲ್ಲವೇ ಗುಂಡಿ ಒತ್ತುತ್ತಾನೆ. ಯಂತ್ರ ಕೆಟ್ಟರೆ ಆ ಸುದ್ದಿಯೂ ಗಣಕಕ್ಕೆ ಹೋಗುತ್ತದೆ. ಅದು ಉಳಿದ ಕೆಲಸವನ್ನು ಮತ್ತೆ ಜೋಡಿಸಿ, ಯಾವ ಯಂತ್ರ ಯಾವಾಗ ಏನು ಮಾಡಬೇಕು ಎಂಬುದನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸುತ್ತದೆ. ಸುಮಾರು ನೂರು ವರ್ಷಗಳ ಹಿಂದೆ ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ ಬಳಕೆಗೆ ತಂದ ಚಿತ್ರಪಟದ ಹೊಸ ರೂಪವೇ ಇದು.

ಹಾಗಾದರೆ ಮನುಷ್ಯನಿಗೇನು ಕೆಲಸ? ಇದೆ. ಐದು ಗಂಟೆಯ ಕೆಲಸವನ್ನು ಮೂರು ಎಂದು ಬರೆದುಕೊಟ್ಟರೆ ಎಂತಹ ತಂತ್ರಾಂಶವಾದರೂ ಸುಳ್ಳು ಪಟ್ಟಿಯನ್ನೇ ಕೊಡುತ್ತದೆ. ಸರಿಯಾದ ಅಂಕಿ ಗೊತ್ತಿರುವುದು ಲೇತ್ ಮುಂದೆ ನಿಂತವನಿಗೆ. ಯಾರ ಮಾಲು ತಡವಾದರೆ ಸಹಿಸಬಹುದು, ಯಾರನ್ನು ರಾತ್ರಿ ಪಾಳಿಗೆ ಕರೆಯಬಹುದು ಎಂಬುದನ್ನು ತೂಗಿ ನೋಡಬೇಕಾದವರೂ ಮನುಷ್ಯರೇ.

ಕಂಪ್ಯೂಟರ್ ಕೋರ್ಸ್ ಒಂದಾದರೆ ಸಾಕು ಎಂದು ಭಾವಿಸುವ ತಂದೆತಾಯಿಯರು ಇದನ್ನು ಗಮನಿಸಬೇಕು. ಈ ಕ್ಷೇತ್ರಕ್ಕೆ ಬೇಕಾದವರು ಗಣಿತ ಬಲ್ಲವರು, ಜೊತೆಗೆ ಯಂತ್ರದ ಎಣ್ಣೆ ಕೈಗೆ ಮೆತ್ತಿಸಿಕೊಳ್ಳಲು ಹಿಂಜರಿಯದವರು. ಡಿಪ್ಲೊಮಾ, ಎಂಜಿನಿಯರಿಂಗ್ ಓದುವವರು ಆಪರೇಷನ್ಸ್ ರಿಸರ್ಚ್ ಎಂಬ ವಿಷಯದಲ್ಲಿ ಇದನ್ನು ಕಲಿಯಬಹುದು.

ಕೊನೆಗೊಂದು ಲೆಕ್ಕ. ಖ, ಘ, ಗ, ಕ ಸರದಿಯಲ್ಲಿ ಕೆಲಸ ನಡೆದಿದೆ. ನಾಲ್ಕನೆಯ ಗಂಟೆಗೆ ಲೇತ್ ಕೆಟ್ಟು, ಮೂರು ಗಂಟೆ ನಿಂತಿತು. ಒಟ್ಟು ಕೆಲಸ ಎಷ್ಟು ತಡವಾಗುತ್ತದೆ? ಮೂರು ಗಂಟೆ ಎನ್ನುವ ಮೊದಲು ಪಟ್ಟಿ ಬರೆದು ನೋಡಿ.

(ಉತ್ತರ: ಒಂದೇ ಗಂಟೆ. ಲೇತ್ ನಿಂತಾಗಲೂ ಗ್ರೈಂಡಿಂಗ್ ಯಂತ್ರಕ್ಕೆ 15ನೆಯ ಗಂಟೆಯವರೆಗೆ ಕೆಲಸವಿತ್ತು.)