ಊರಿನ ಗದ್ದೆಗೆ ಸರಕಾರಿ ನೆರವು: ಮೊದಲು ಪಹಣಿ ನೋಡಿ

ಅಹ್ಮದಾಬಾದ್: ಹೋಟೆಲ್ ಉದ್ಯಮ, ಕಾರ್ಖಾನೆ, ಬ್ಯಾಂಕು, ಕಂಪೆನಿ ನೌಕರಿಗಳ ನಿಮಿತ್ತ ಅಹ್ಮದಾಬಾದ್, ಬರೋಡಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ ಊರಿನಲ್ಲಿ ಒಂದು ತುಂಡು ಗದ್ದೆಯೋ, ಅಡಿಕೆ ತೋಟವೋ, ಹೊಲವೋ ಇದೆ. ವರ್ಷಕ್ಕೊಮ್ಮೆ ಜಾತ್ರೆಗೋ ಮದುವೆಗೋ ಹೋದಾಗ ಬದು ಕುಸಿದು ಹಡಿಲು ಬಿದ್ದ ಗದ್ದೆ ಕಂಡು ಮನಸ್ಸು ಮರುಗುತ್ತದೆ. ನೆರವಿನ ಯೋಜನೆಗಳಿಗೆ ಕೊರತೆಯಿಲ್ಲ. ಯಾವ ಕಚೇರಿಗೆ ಯಾವ ದಾಖಲೆಯೊಂದಿಗೆ ಹೋಗಬೇಕು ಎಂಬುದೇ ದೂರದಲ್ಲಿರುವವರಿಗೆ ತೊಡಕಾಗಿದೆ.

ತೀರಿಹೋದವರ ಹೆಸರಿನ ಜಮೀನು

ಗುಜರಾತಿನಲ್ಲಿ ‘ಸಾತ್-ಬಾರ್’ ಹೇಗೋ ಕರ್ನಾಟಕದಲ್ಲಿ ಪಹಣಿ ಹಾಗೆ. ತಂದೆಯೋ ಅಜ್ಜನೋ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಅವರದೇ ಹೆಸರು ಉಳಿದಿದ್ದರೆ ಬಹುತೇಕ ಸಹಾಯಧನಗಳ ದಾರಿ ಅಲ್ಲಿಗೇ ಮುಚ್ಚಿತು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡುವುದು ಮೊದಲ ಕೆಲಸ. ಪಹಣಿಯನ್ನು ಭೂಮಿ ಜಾಲತಾಣದಲ್ಲಿ ಇಲ್ಲಿಂದಲೇ ನೋಡಬಹುದು.

ಖಾತೆಯಾದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಕೊಟ್ಟು ‘ಫ್ರೂಟ್ಸ್’ ನೋಂದಣಿ ಮಾಡಿಸಬೇಕು. ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿರಬೇಕು. ಬೆಳೆ ಪರಿಹಾರಕ್ಕೂ ಸಹಾಯಧನಕ್ಕೂ ಈ ಗುರುತಿನ ಸಂಖ್ಯೆಯೇ ಆಧಾರ.

ಊರಿನ ತಾಯಿಗೆ 6,000 ರೂ.

ಪಿಎಂ-ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂ. ಮೂರು ಕಂತುಗಳಲ್ಲಿ ಬರುತ್ತದೆ. ಆದಾಯ ತೆರಿಗೆ ಕಟ್ಟುವವರಿಗೆ ಇದಿಲ್ಲ. ಆದರೆ ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ವಯಸ್ಸಿನ ಮಕ್ಕಳು ಮಾತ್ರ. ಹಾಗಾಗಿ ಮಗ ಸೂರತ್‌ನಲ್ಲಿ ತೆರಿಗೆ ಕಟ್ಟುತ್ತಿದ್ದರೂ, ಬೇರೆ ಅನರ್ಹತೆಗಳಿಲ್ಲದಿದ್ದರೆ, ಊರಿನಲ್ಲಿ ಸ್ವಂತ ಹೆಸರಿಗೆ ಜಮೀನಿರುವ ತಾಯಿ ಅರ್ಹರೇ. 2019ರ ಫೆಬ್ರವರಿ 1ರ ನಂತರ ಜಮೀನು ಪಡೆದವರಿಗೆ ಈ ಹಣವಿಲ್ಲ. ಮಾಲೀಕರ ಮರಣದಿಂದ ವಾರಸಾಗಿ ಬಂದಿದ್ದರೆ ಮಾತ್ರ ಅಡ್ಡಿಯಿಲ್ಲ. ಪೌತಿ ಖಾತೆಯ ಮಹತ್ವ ಇಲ್ಲೂ ಕಾಣುತ್ತದೆ.

ಮಣ್ಣು, ನೀರಿನ ರಕ್ಷಣೆ

ಮಳೆಯಾಶ್ರಿತ ಪ್ರದೇಶಗಳಿಗೆ 2014ರಲ್ಲಿ ಆರಂಭವಾದ ಕೃಷಿ ಭಾಗ್ಯದಲ್ಲಿ ಕೃಷಿ ಹೊಂಡಕ್ಕೆ ನೆರವಿದೆ. ಬದು ನಿರ್ಮಾಣ, ಜಲಾನಯನ ಕಾಮಗಾರಿಗಳ ವಿವರವೂ ರೈತ ಸಂಪರ್ಕ ಕೇಂದ್ರದಲ್ಲೇ ಸಿಗುತ್ತದೆ. ಅಡಿಕೆ, ತೆಂಗಿನ ತೋಟದ ಹನಿ ನೀರಾವರಿಗೆ ತಾಲೂಕಿನ ತೋಟಗಾರಿಕೆ ಕಚೇರಿಗೆ ಹೋಗಬೇಕು. ಕರಾವಳಿಯಲ್ಲಿ ಉಪ್ಪು ನೀರು ತಡೆದು ಸಿಹಿ ನೀರು ಉಳಿಸುವ ಕಿಂಡಿ ಅಣೆಕಟ್ಟುಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿದವು; ಅದಕ್ಕೆ ಗ್ರಾಮಸ್ಥರು ಒಟ್ಟಾಗಿ ಬೇಡಿಕೆ ಸಲ್ಲಿಸುವುದೇ ಒಳ್ಳೆಯದು.

ಬೇರೆಯವರಿಗೆ ಬಿಟ್ಟುಕೊಟ್ಟರೆ ಜಮೀನು ಕೈತಪ್ಪೀತು ಎಂಬ, ಭೂಸುಧಾರಣೆಯ ಕಾಲದ ಅಳುಕು ಅನೇಕ ಮನೆಗಳಲ್ಲಿ ಇನ್ನೂ ಇದೆ. ಆದರೂ 2021ರಲ್ಲಿ ಉಡುಪಿಯ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆಗಳಲ್ಲಿ ಮತ್ತೆ ಭತ್ತ ಬೆಳೆಯುವ ಅಭಿಯಾನ ನಡೆಸಿದ್ದನ್ನು ಪರವೂರಿನ ಜಮೀನುದಾರರು ಗಮನಿಸಬೇಕು.

ಇಲ್ಲಿನ ಅನುಕೂಲ

ಯೋಜನೆಗಳು ಜಮೀನು ಇರುವ ಕಡೆಗೆ ಅನ್ವಯಿಸುತ್ತವೆಯೇ ಹೊರತು ಮಾಲೀಕರು ವಾಸಿಸುವ ಕಡೆಗಲ್ಲ. ಆದ್ದರಿಂದ ಗುಜರಾತಿನ ಐ-ಖೇಡೂತ್‌ನಲ್ಲಿ ಊರಿನ ಗದ್ದೆಗೆ ಅರ್ಜಿ ಹಾಕಲಾಗದು. ಆದರೆ ಕಲಿಯಲು ಇಲ್ಲಿ ಬೇಕಾದಷ್ಟಿದೆ. ಹನಿ ನೀರಾವರಿಗೆಂದೇ 2005ರಲ್ಲಿ ಆರಂಭವಾದ ಗುಜರಾತ್ ಗ್ರೀನ್ ರೆವಲ್ಯೂಷನ್ ಕಂಪೆನಿ ಬರೋಡಾದಲ್ಲೇ ಇದೆ. ಅಹ್ಮದಾಬಾದ್ ಜಿಲ್ಲೆಯ ಅರಣೇಜ್‌ನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಊರಿನಲ್ಲಿರುವ ಮನೆಯವರು ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಸಂಘದ ಸದಸ್ಯರು ಮುಂದಿನ ಸಲ ರಜೆಗೆ ಊರಿಗೆ ಹೊರಡುವ ಮೊದಲು ಪಹಣಿಯ ಒಂದು ಪ್ರತಿ ತೆಗೆದಿಟ್ಟುಕೊಂಡು, ಒಂದು ದಿನವನ್ನು ನಾಡಕಚೇರಿಗೂ ರೈತ ಸಂಪರ್ಕ ಕೇಂದ್ರಕ್ಕೂ ಮೀಸಲಿಟ್ಟರೆ ಹಿರಿಯರ ನೆಲ ಹಡಿಲು ಬೀಳದೆ ಉಳಿದೀತು.