ದಪ್ಪಗಿರುವವರೆಲ್ಲ ತಿಂಡಿಪೋತರಲ್ಲ

ಮದುವೆಮನೆಯ ಪಂಕ್ತಿಯಲ್ಲಿ ದಪ್ಪಗಿರುವ ಹುಡುಗಿಯ ಎಲೆಗೆ ಎರಡನೇ ಹೋಳಿಗೆ ಬೀಳುವ ಮೊದಲೇ ಯಾರಾದರೂ ಹಿರಿಯರು, “ಸ್ವಲ್ಪ ಬಾಯಿ ಕಟ್ಟಮ್ಮಾ” ಎಂದುಬಿಡುತ್ತಾರೆ. ಪಕ್ಕದಲ್ಲಿ ನಾಲ್ಕು ಹೋಳಿಗೆ ಮುಗಿಸಿದ ಸಣಕಲು ಅಣ್ಣನಿಗೆ ಯಾರೂ ಏನೂ ಅನ್ನುವುದಿಲ್ಲ. ಮೈಯ ಗಾತ್ರ ನೋಡಿ ಗುಣ ಅಳೆಯುವ ಈ ಅಭ್ಯಾಸ ಕ್ರೂರವಾದದ್ದು. ಅಷ್ಟೇ ಅಲ್ಲ, ತಪ್ಪು ಕೂಡ.

ಕೆನಡಾದ ಕ್ವಿಬೆಕ್‌ನಲ್ಲಿ ಕ್ಲೋಡ್ ಬೂಶಾರ್ ಮತ್ತು ಸಂಗಡಿಗರು 12 ಜೋಡಿ ತದ್ರೂಪಿ ಅವಳಿ ಯುವಕರಿಗೆ 84 ದಿನ, ದಿನಕ್ಕೆ 1,000 ಕ್ಯಾಲರಿ ಹೆಚ್ಚುವರಿಯಾಗಿ ಉಣಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಎಲ್ಲರಿಗೂ ಬಡಿಸಿದ ಹೆಚ್ಚುವರಿ ಒಂದೇ, ಆದರೆ ಒಬ್ಬನಿಗೆ ಏರಿದ್ದು 4.3 ಕಿಲೊ, ಇನ್ನೊಬ್ಬನಿಗೆ 13.3 ಕಿಲೊ. ಅವಳಿಗಳಲ್ಲಿ ಒಬ್ಬನಿಗೆ ಬಹಳ ಏರಿದ್ದರೆ ಸಾಮಾನ್ಯವಾಗಿ ಇನ್ನೊಬ್ಬನಿಗೂ ಹಾಗೆಯೇ. ಕೊಬ್ಬು ಹೊಟ್ಟೆಯೊಳಗೆ ತುಂಬಿತೋ ಬೇರೆಡೆ ಸೇರಿತೋ ಎಂಬುದರಲ್ಲಂತೂ ಅವರ ಹೋಲಿಕೆ ಇನ್ನೂ ಗಾಢ.

ಆ ಹೋಲಿಕೆ ಒಂದೇ ಮನೆಯೂಟದ ರೂಢಿಯಿಂದ ಬಂದದ್ದು ಎನ್ನುವಿರಾ? ಡೆನ್ಮಾರ್ಕ್‌ನಲ್ಲಿ ದತ್ತು ಹೋಗಿ ಬೆಳೆದ 540 ಮಂದಿಯನ್ನು ಪರಿಶೀಲಿಸಿದ 1986ರ ಅಧ್ಯಯನದಲ್ಲಿ ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತು. ಸಾಕಿ ಉಣ್ಣಿಸಿದವರ ಗಾತ್ರಕ್ಕೂ ಇವರ ಗಾತ್ರಕ್ಕೂ ನಂಟೇ ಕಾಣಲಿಲ್ಲ.

ತಿನ್ನುವುದು ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಹಸಿವೇ ಎಲ್ಲರಿಗೂ ಒಂದೇ ಅಲ್ಲ. ಬೊಜ್ಜಿಗೆ ಸಂಬಂಧಿಸಿದ ನೂರಾರು ಜೀನ್‌ಗಳಲ್ಲಿ ಹಲವು ಕೆಲಸ ಮಾಡುವುದು ಮಿದುಳಿನಲ್ಲಿ. ಹೊಟ್ಟೆ ತುಂಬಿತು ಎಂಬ ಸೂಚನೆಯನ್ನು ಮಿದುಳಿನಲ್ಲಿ ಗ್ರಹಿಸಲು ಬೇಕಾದ ಎಂಸಿ4ಆರ್ ಜೀನ್ ಕೆಟ್ಟರೆ ಮಗುವಿಗೆ ಎಳವೆಯಲ್ಲೇ ತಣಿಯದ ಹಸಿವು. ಅಂಥ ಮಗುವಿಗೆ ಗದರಿದರೆ ಏನು ಬಂತು? ಕೊಬ್ಬು ಸೊಂಟದಲ್ಲಿ ಕೂರಬೇಕೋ ತೊಡೆಯಲ್ಲೋ ಎಂಬುದರ ಮೇಲೆ ಪ್ರಭಾವ ಬೀರುವ ಜೀನ್‌ಗಳ ಗುಂಪು ಬೇರೆಯೇ ಇದೆ. ಅವುಗಳಲ್ಲಿ ಹಲವುಗಳ ಪರಿಣಾಮ ಹೆಂಗಸರಲ್ಲಿ ಹೆಚ್ಚು.

“ವಂಶದ್ದು, ಏನೂ ಮಾಡೋಕಾಗಲ್ಲ” ಎಂದು ಕೈಚೆಲ್ಲುವುದೂ ಸರಿಯಲ್ಲ. 2007ರಲ್ಲಿ ಪತ್ತೆಯಾದ ಎಫ್‌ಟಿಒ ಜೀನ್‌ನ ಬೊಜ್ಜಿನ ರೂಪ ತಂದೆತಾಯಿ ಇಬ್ಬರಿಂದಲೂ ಬಂದವರ ತೂಕ ಸರಾಸರಿ ಮೂರು ಕಿಲೊ ಹೆಚ್ಚು, ಅಷ್ಟೆ. ಮೈ ದಂಡಿಸುವವರಲ್ಲಿ ಬೊಜ್ಜಿನ ಮೇಲಿನ ಅದರ ಪ್ರಭಾವ ಕಾಲುಭಾಗದಷ್ಟು ತಗ್ಗುತ್ತದೆ.

ತೆಳ್ಳಗಿದ್ದರೆ ಕೊಬ್ಬಿಲ್ಲ ಎಂಬುದು ಮತ್ತೊಂದು ಸುಳ್ಳು. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ ಅವರು 2004ರಲ್ಲಿ ತಮ್ಮ ಮೈಯನ್ನೇ ಅಳೆದು ತೋರಿಸಿದರು: ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2.

ಇಷ್ಟೆಲ್ಲ ತಿಳಿದ ಮೇಲೂ ವಾಟ್ಸ್‌ಆ್ಯಪ್‌ನಲ್ಲಿ ಬಂದ ಹೊಟ್ಟೆ ಕರಗಿಸುವ ಪುಡಿಯನ್ನೂ, ಎಂಜಲಿನಿಂದ ಜೀನ್ ಪರೀಕ್ಷಿಸಿ ಊಟದ ಪಟ್ಟಿ ಬರೆದುಕೊಡುವ ದುಬಾರಿ ವರದಿಯನ್ನೂ ಓದಿದ ಮಂದಿಯೇ ನಂಬುತ್ತಾರೆ. ಸಿಟ್ಟು ಬರುತ್ತದೆ. ಆ ದುಡ್ಡಿನಲ್ಲಿ ಒಂದು ಅಳತೆ ಟೇಪು ಕೊಳ್ಳಿ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ, ನೋಡಲು ಎಷ್ಟೇ ಸಣ್ಣಗಿದ್ದರೂ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.